ಎಡಹುರಿಯ ನೂಲು

ಶ್ರೀ ದೊಡ್ಡಿಯಜ್ಜನವರಿಗೆ ಮಠವಿರಲಿಲ್ಲ, ಪೀಠವಿರಲಿಲ್ಲ. ಕುರುಬರು ಎಲ್ಲಿ ಕುರಿದೊಡ್ಡಿ ಹಾಕುತ್ತಾರೋ ಅಲ್ಲಿಯೇ ಅವರ ವಾಸ. ಬೇಲಿಯ ಮಗ್ಗುಲಿಗೆ ಒಂದು ಗೋಣಿತಟ್ಟು ಹಾಸಿದರೆ ಮುಗಿಯಿತು, ಅದೇ ಅವರ ಸಿಂಹಾಸನ. ಮೈಗೆಲ್ಲ ಕುರಿಹಿಕ್ಕೆಯ ವಾಸನೆ. ದರ್ಶನಕ್ಕೆ ಬಂದ ಘನಪಂಡಿತರೂ ಮೂಗು ಮುಚ್ಚಿಕೊಂಡೇ ಅಡ್ಡಬೀಳಬೇಕಾಗುತ್ತಿತ್ತು! ಪೂಜ್ಯರು ಅದನ್ನು ಕಂಡು ಮಕ್ಕಳಂತೆ ನಗುತ್ತಿದ್ದರು.

ಆ ವರ್ಷ ಅವರು ಕಪ್ಪಲಗುಡ್ಡದ ಕೆಳಗೆ ತಂಗಿದ್ದರು. ಉಣ್ಣೆ ಕತ್ತರಿಸುವ ಕಾಲ. ಕೆರೆಯಲ್ಲಿ ಮೀಯಿಸಿದ ಕರಿಕುರಿಗಳು ಬಿಸಿಲಿಗೆ ಮೈ ಆರಿಸಿಕೊಳ್ಳುತ್ತಿದ್ದವು. ಅಂಥದೊಂದು ಮುಂಜಾನೆ ಮಾಳಿಂಗಪ್ಪನೆಂಬ ಕಂಬಳಿ ನೇಕಾರ ಅರ್ಧ ನೇಯ್ದ ಕಂಬಳಿಯನ್ನು ಹೆಗಲ ಮೇಲೆ ಹೊತ್ತು ಬಂದ. ಹಿಂದೆ ಹದಿನಾರು ವರ್ಷದ ಮಗಳು ಸತ್ಯವ್ವ, ಬಲಗೈಯಲ್ಲಿ ಹಾಲಿನ ತಂಬಿಗೆ.

ಮಾಳಿಂಗಪ್ಪನ ದುಃಖ ಊರಿಗೆಲ್ಲ ಗೊತ್ತಿದ್ದದ್ದೇ. ಅವನ ಮನೆಯಲ್ಲಿ ಇಪ್ಪತ್ತು ಕುರಿ. ಅವನು ಉಣ್ಣೆ ಕತ್ತರಿಸುವುದು, ಹೆಂಡತಿ ಲಗಮವ್ವ ನೂಲುವುದು, ಮತ್ತೆ ಅವನೇ ನೇಯುವುದು. ಹೀಗೆ ಇಪ್ಪತ್ತು ವರ್ಷ ನಡೆದಿತ್ತು. ಲಗಮವ್ವ ಎಡಚಿ. ನೂಲುವಾಗ ಎಲ್ಲರ ಕದಿರೂ ಬಲಕ್ಕೆ ತಿರುಗಿದರೆ ಅವಳದು ಎಡಕ್ಕೆ ತಿರುಗುತ್ತಿತ್ತು, ಅವಳ ನೂಲು ಎಡಹುರಿಯ ನೂಲು. ಮಾಳಿಂಗಪ್ಪ ಅದಕ್ಕೇ ಕೈ ಪಳಗಿಸಿಕೊಂಡಿದ್ದ. ವರ್ಷದ ಹಿಂದೆ ಮೂರೇ ದಿನದ ಜ್ವರ ಅವಳನ್ನು ಕರೆದೊಯ್ದಿತು. ಮಗ್ಗದ ಮೇಲೆ ಕಂಬಳಿ ಅರ್ಧಕ್ಕೆ ನಿಂತಿತು.

ನೆರೆಯ ಹೆಂಗಸರ ನೂಲು ತಂದು ನೇಯ್ದು ನೋಡಿದ. ಅಯ್ಯೋ, ಎಲ್ಲಿ ಹೊಂದೀತು! ಬಲಹುರಿ ಶುರುವಾದಲ್ಲೇ ಕಂಬಳಿ ಸೊಟ್ಟಗಾಯಿತು, ಬೇರೆ ಪಟ್ಟಿಯೇ ಎದ್ದು ಕಂಡಿತು. ಅಷ್ಟನ್ನೂ ಬಿಚ್ಚಿ ಹಾಕಿದ. ಅಂದಿನಿಂದ ಮಗ್ಗದ ಮುಂದೆ ಸುಮ್ಮನೆ ಕೂತು ಅವಳ ನೂಲಿನ ಮೇಲೆ ಅಂಗೈ ಆಡಿಸುವುದೇ ಅವನ ಕೆಲಸವಾಯಿತು. ಅವಳು ಬೇಕಾಗಿದ್ದಳು ಅವನಿಗೆ. ಉಣ್ಣುವಾಗ, ಕುರಿ ಎಣಿಸುವಾಗ, ದಾರಿಯಲ್ಲಿ ಯಾರಾದರೂ ಹೆಂಗಸು ಕದಿರು ಹಿಡಿದು ನಡೆದರೆ ಸಾಕು, ಎದೆ ಹಿಂಡಿದಂತಾಗುತ್ತಿತ್ತು.

ಅಜ್ಜನವರ ಪಾದದ ಮುಂದೆ ಕಂಬಳಿ ಹರವಿ ಅವನು ಕೈಮುಗಿದ.

“ಅಜ್ಜಾರ, ಆಕೀನ್ನ ಒಂದ ಸಲ ತೋರಸ್ರಿ. ಮಾತಾಡೂದ ಬ್ಯಾಡ. ಕದರ ಹಿಡಕೊಂಡು ಒಂದ ಗಳಿಗಿ ನನ್ನ ಮುಂದ ಕುಂತರ ಸಾಕು. ಇಷ್ಟ ಮಂದಿ ನಿಮ್ಮನ್ನ ದೇವರು ಅಂತಾರ, ಇದೊಂದು ಆಗಂಗಿಲ್ಲೇನ್ರಿ?”

ಕೊನೆಯ ಮಾತಿನಲ್ಲಿ ಕೊಂಕು ಇದ್ದದ್ದು ಅವನಿಗೇ ಕೇಳಿಸಿತು, ತಲೆ ತಗ್ಗಿಸಿದ. ಪೂಜ್ಯರು ಮುನಿಯಲಿಲ್ಲ. ಅವರ ಕಣ್ಣು ಸತ್ಯವ್ವನ ಎಡಗೈಯ ಮೇಲಿತ್ತು. ಮುಷ್ಟಿ ಮಾಡಿಸಿ ಹಳೇ ಅರಿವೆಯಿಂದ ಬಿಗಿಯಾಗಿ ಸುತ್ತಿ ಕಟ್ಟಲಾಗಿತ್ತು.

“ಗಾಯ ಆಗೇತೇನು?” ಎಂದು ಕೇಳಿದರು.

“ಗಾಯ ಅಲ್ರಿ,” ಎಂದ ಮಾಳಿಂಗಪ್ಪ. “ಇಕೀನೂ ಅವರವ್ವನಂಗ ಎಡಚಿ. ಎಡಹುರಿ ನೂಲು ಮನಿಗೆ ಆಗಿಬರೂದಿಲ್ಲ, ಅದಕ್ಕ ಲಗಮವ್ವ ಹ್ವಾದ್ಲು ಅಂತ ಮಂದಿ ಅಂದ್ರು. ಇಕೀನೂ ಹ್ವಾದ್ರ ನಾ ಏನ ಮಾಡ್ಲಿ? ಬಲಗೈ ರೂಢಿ ಆಗ್ಲಿ ಅಂತ ನಾನ ಕಟ್ಟೇನ್ರಿ. ದಿನಾ ಮುಂಜಾನೆ ಕಟ್ಟತೇನಿ.”

ಅಜ್ಜನವರು ಮೆಲ್ಲಗೆ ಅಂದರು: “ಜ್ವರ ಒಯ್ದದ್ದು ಜ್ವರದ ತಪ್ಪು, ನೂಲಿಂದಲ್ಲಪ್ಪ. ತೋರಸ್ರಿ ಅಂದಿ. ಮೊದಲ ಆ ಕೈ ಬಿಚ್ಚು.”

ಮಾಳಿಂಗಪ್ಪ ಗಂಟು ಬಿಚ್ಚಿದ. ಸತ್ಯವ್ವ ಕೈ ಕೊಡವಿಕೊಂಡಳು. ಅಜ್ಜನವರು ಕಣ್ಸನ್ನೆ ಮಾಡಿದೊಡನೆ ಕೆಳಗೆ ಕೂತು, ಸೊಂಟದ ಕದಿರನ್ನು ತೆಗೆದು, ಉಡಿಯಲ್ಲಿದ್ದ ಹಿಂಜಿದ ಉಣ್ಣೆಯ ಎಳೆ ಹಿಡಿದು ಎಡಗೈಯಿಂದ ತಿರುಗಿಸಿದಳು.

ಕದಿರು ಎಡಕ್ಕೆ ತಿರುಗಿತು. ಅದೇ ಕುತ್ತಿಗೆ ವಾಲಿಸುವ ರೀತಿ, ಎಳೆ ಉದ್ದವಾದಾಗ ತುಟಿ ಕಚ್ಚುವುದೂ ಅದೇ. ಮಾಳಿಂಗಪ್ಪ ನೂಲನ್ನು ಬೆರಳಲ್ಲಿ ಹಿಡಿದು ನೋಡಿದ, ಅರ್ಧ ಕಂಬಳಿಯ ಅಂಚಿಗೆ ಇಟ್ಟು ನೋಡಿದ. ಎರಡಕ್ಕೂ ಎಳ್ಳಷ್ಟು ವ್ಯತ್ಯಾಸವಿರಲಿಲ್ಲ.

“ಇಷ್ಟು ಹದ ಹೆಂಗ ಬಂತವಾ ನಿನಗ?” ಎಂದು ಕೇಳಿದ.

ಸತ್ಯವ್ವ ಅಳುಕುತ್ತ ಅಂದಳು: “ಬೈಬ್ಯಾಡಪ್ಪ. ಕುರಿ ಮೇಸಾಕ ಹ್ವಾದಾಗ ಹಲ್ಲಿಲೆ ಗಂಟು ಬಿಚ್ಚಿ ನೂಲತಿದ್ದೆ. ಸಂಜೀಕ ಮತ್ತ ಕಟಗೊಂಡು ಬರತಿದ್ದೆ. ಒಂಬತ್ತು ಉಂಡಿ ಆಗ್ಯಾವು, ಗುಡ್ಡದ ಗವಿಯಾಗ ಇಟ್ಟೇನಿ. ಎಡಗೈಲೆ ನೂಲೂವಾಗ ಅವ್ವ ಬಾಜೂಕ ಕುಂತಂಗ ಆಗತಿತ್ತು.”

ಹೆಂಡತಿಗಾಗಿ ಅತ್ತೂ ಅತ್ತೂ ಕಣ್ಣು ಬತ್ತಿಸಿಕೊಂಡಿದ್ದ ಆ ಮನುಷ್ಯ ಒಂದು ದಿನವಾದರೂ ‘ನಿನಗೂ ಅವ್ವನ ನೆನಪಾಗತೈತೇನು’ ಎಂದು ಮಗಳನ್ನು ಕೇಳಿರಲಿಲ್ಲ. ಅರಿವೆಯ ಬರೆ ಮೂಡಿದ್ದ ಆ ಕೈಯನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡ. “ನಮ್ಮವ್ವಾ, ನೀನೂ ಆಕೀನ್ನ ಬಯಸತಿದ್ದಿ... ನನಗ ತಿಳೀಲಿಲ್ಲವಾ,” ಎಂದು ಬಿಕ್ಕಿದ. ಅಜ್ಜನವರು ಆಗಲೇ ಎದ್ದು ಕುರಿಗಳ ಕಡೆಗೆ ನಡೆದಿದ್ದರು.

ಅಂದು ಮನೆಗೆ ಹೋಗುವ ದಾರಿಯುದ್ದಕ್ಕೂ ತಂದೆ ಮಗಳು ಲಗಮವ್ವನ ಮಾತನ್ನೇ ಆಡಿದರು. ಅವಳು ಹೋದ ಮೇಲೆ ಅವರಿಬ್ಬರೂ ಕೂಡಿ ಅವಳ ಹೆಸರೆತ್ತಿದ್ದು ಅದೇ ಮೊದಲು.