ಫ್ಲಾಪಿಯ ಕೈಯಿಂದಲೇ ಆಗಬೇಕು

ನನ್ನ ದಿನಚರಿಯ ಪ್ರಕಾರ, ಅಂದು ೨೦೦೯ರ ಮಾರ್ಚ್ ೧೪. ನಮ್ಮ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಸತ್ತುಹೋಗಿ ಹೊಸದು ಬಂದಿತ್ತು. ಅದರಲ್ಲಿ ನೆಲೆಸಲು ಹಳೆಯ ಆಪರೇಟಿಂಗ್ ಸಿಸ್ಟಮ್ ಸಿ.ಡಿ.ಯಿಂದ ಇಳಿದು ಬಂದು, "ಇಲ್ಲಿ ಡಿಸ್ಕೇ ಇಲ್ಲವಲ್ಲ!" ಎಂದಿತು.

"ಎದುರಿಗೇ ಇದ್ದೇನೆ ಸ್ವಾಮಿ," ಎಂದಿತು ಹೊಸ ಡಿಸ್ಕ್.

"ನಿನ್ನನ್ನು ನಡೆಸುವ ಕಂಟ್ರೋಲರ್ ನನಗೆ ಗುರುತಿಲ್ಲ. ಅದರ ಪರಿಚಯ ಮಾಡಿಸುವ ಡ್ರೈವರ್ ತಂತ್ರಾಂಶವನ್ನು ಯಾರಾದರೂ ತಂದುಕೊಟ್ಟರೆ ಮಾತಾಡೋಣ."

"ನಾನು ತಂದಿದ್ದೇನೆ," ಎಂದಿತು ಪೆನ್ ಡ್ರೈವ್.

"ನೀನು ಯಾರ ಪೈಕಿಯೋ ಏನೋ! ಫ್ಲಾಪಿಯ ಕೈಯಿಂದಲ್ಲದೆ ನಾನು ಏನನ್ನೂ ತೆಗೆದುಕೊಳ್ಳುವುದಿಲ್ಲ."

ಮೇಜಿನ ಖಾನೆಯಲ್ಲಿ ಮಲಗಿದ್ದ ಒಂದೇ ಒಂದು ಫ್ಲಾಪಿಯನ್ನು ಎಬ್ಬಿಸಿದೆ. "ನನ್ನಲ್ಲಿ ಜಾಗವಿಲ್ಲ. ನಿಮ್ಮ ಬರಹವೇ ತುಂಬಿದೆ, ಅಮ್ಮಾ," ಎಂದಿತು ಅದು.

"ಪ್ರತಿಯಿಲ್ಲದೆ ನಾನು ಏನನ್ನೂ ಇಡುವವಳಲ್ಲ. ಎಲ್ಲವೂ ಹಾರ್ಡ್ ಡಿಸ್ಕಿನಲ್ಲಿದೆ, ಅಳಿಸು," ಎಂದೆ.

ಫ್ಲಾಪಿ ಎಲ್ಲವನ್ನೂ ಅಳಿಸಿಕೊಂಡು, ಪಕ್ಕದ ಮನೆಯ ಕಂಪ್ಯೂಟರಿನಲ್ಲಿ ಪೆನ್ ಡ್ರೈವಿನಿಂದ ಡ್ರೈವರನ್ನು ಪಡೆದು ಹೊತ್ತು ತಂದಿತು. ಸಿಸ್ಟಮ್ ಗಂಭೀರವಾಗಿ ಒಳಗೆ ಹೋಗಿ ಕುಳಿತು, ಮೊದಲ ಕೆಲಸವಾಗಿ ಪೆನ್ ಡ್ರೈವನ್ನು ನೋಡಿ, "ಓ, ನೀನಾ? ಬಾರಯ್ಯಾ, ಒಳಗೆ ಬಾ," ಎಂದಿತು.

ಇದಕ್ಕೆಲ್ಲ ತಗುಲಿದ್ದು ಒಂದು ಇಡೀ ದಿನ, ಮತ್ತು ಮಹಿಳಾ ಸಮಾಜಕ್ಕಾಗಿ ನಾನು ಬರೆದಿಟ್ಟಿದ್ದ ಆರು ವರ್ಷಗಳ ವರದಿ. ಅದರ ಪ್ರತಿ ಇದ್ದದ್ದು ಸತ್ತುಹೋದ ಡಿಸ್ಕಿನಲ್ಲಿ.