ತೊಗಲಿಗೆ ತೊಗಲು

ಅಯ್ಯ, ಬಿಡೇ, ತೋಳಿನ ತೊಗಲು ಹಿಂಡಬೇಡ, ನೋಯುತ್ತೆ. ಜೋತಾಡುತ್ತೆ ಅಂತ ನಗ್ತೀಯಾ? ನಗು ನಗು. ಈ ತೊಗಲಿನ ಬೆಲೆ ನಿಂಗೇನು ಗೊತ್ತು. ಇತ್ಲಾಗೆ ಮಗ್ಗುಲಾಗು, ಕಾಲು ಕಂಬಳಿ ಒಳಗಿಟ್ಕೋ, ಒಬ್ಬ ಕಮ್ಮಾರನ ಕತೆ ಹೇಳ್ತೀನಿ. ನೀನು ಹೂಂಗುಟ್ಟಬೇಕು ಅಷ್ಟೇ, ನಡುವೆ ಬಾಯಿ ಹಾಕಿದ್ರೆ ನಿಲ್ಲಿಸಿಬಿಡ್ತೀನಿ.

ಒಂದಾನೊಂದು ಕಾಲ ಅಂತ ಇತ್ತಂತೆ, ಆ ಕಾಲಕ್ಕೊಂದು ಊರಿತ್ತಂತೆ, ಊರಿಗೊಂದು ಹೊಳೆ, ಹೊಳೆ ದಂಡೇಲಿ ಒಂದು ಕುಲುಮೆ, ಆ ಕುಲುಮೇಲಿ ಮೌನಾಚಾರಿ ಅಂತ ಒಬ್ಬ ಕಮ್ಮಾರ ಇದ್ನಂತೆ. ಹೆಸರಿಗಷ್ಟೇ ಮೌನಾಚಾರಿ, ಬಾಯಿ ಬಿಟ್ರೆ ಆಚೆ ದಡದವರಿಗೂ ಕೇಳೋದಂತೆ. ನೇಗಿಲ ಗುಳ ಮಾಡಿಸೋಕೆ ಬಂದವರ ಹತ್ರವೆಲ್ಲ ಒಂದೇ ಜಂಬ, ಈ ಬೆಂಕಿ ನಮ್ಮ ತಾತ ಹೊತ್ತಿಸಿದ್ದು ಕಣ್ರೋ, ನಮ್ಮಪ್ಪನ ಕಾಲಕ್ಕೂ ಆರಲಿಲ್ಲ, ನನ್ನ ಕಾಲಕ್ಕೆ ಆರಿದ್ರೆ ನನ್ನ ಹೆಸರು ತೆಗೆದುಬಿಡಿ ಅಂತ.

ಅವನ ಅಂಗೈ ನೋಡಬೇಕಿತ್ತು ನೀನು. ಸುತ್ತಿಗೆ ಹಿಡಿದು ಹಿಡಿದು ಎಮ್ಮೆ ಗೊರಸಿನ ಹಾಗೆ ದಡ್ಡುಗಟ್ಟಿತ್ತಂತೆ. ಕೆಂಡಾನ ಬರಿಗೈಲಿ ಎತ್ತಿ ಚಿಲುಮೆ ಹಚ್ಕೊಳ್ಳೋನಂತೆ. ಹೆಂಡತಿ ಸಂಕಮ್ಮ, ಸ್ನಾನದ ನೀರು ಕಾದಿದೆಯಾ ನೋಡ್ರೀ ಅಂದ್ರೆ, ಹಂಡೆಗೆ ಕೈ ಅದ್ದಿ, ಇನ್ನೂ ತಣ್ಣಗಿದೆ ಕಣೇ ಅನ್ನೋನಂತೆ. ಅಲ್ಲಿ ನೀರು ಕೊತಕೊತ ಕುದೀತಿರೋದಂತೆ! ಅವಳು ಹಣೆ ಚಚ್ಚಿಕೊಂಡು, ನಿಮ್ಮ ಕೈ ನಂಬಿದ್ರೆ ನಾನು ಬೆಂದೇ ಹೋಗ್ತೀನಿ ಅಂತ ನಗೋಳಂತೆ.

ಹೀಗಿರುವಾಗ ಸಂಕಮ್ಮಂಗೆ ದಿನ ತುಂಬೋ ಮೊದಲೇ ನೋವು ಕಾಣಿಸ್ಕೊಂಡು, ಮಾಗಿ ಚಳೀಲಿ, ಒಂದು ಮಧ್ಯಾಹ್ನ ಹೆಣ್ಣು ಮಗು ಹುಟ್ತಂತೆ. ಮಗು ಅಂದ್ರೆ ಎಂಥ ಮಗು, ಅಂಗೈ ಮೇಲೆ ಮಲಗಿಸಬಹುದಿತ್ತಂತೆ. ಅಳೋಕೂ ಕಸುವಿಲ್ಲ, ಕುಂಯ್ ಅನ್ನೋದು, ಸುಮ್ಮನಾಗೋದು. ಸೂಲಗಿತ್ತಿ ತಿಪ್ಪಜ್ಜಿಗೆ ಆಚೆ ದಡದಲ್ಲಿ ಇನ್ನೊಂದು ಹೆರಿಗೆ ಕಾದಿತ್ತಂತೆ, ಅಂಬಿಗ ಬಾರಜ್ಜೀ ಬಾರಜ್ಜೀ ಅಂತ ಕೂಗ್ತಾ ಇದ್ನಂತೆ. ಅಜ್ಜಿ ಸೆರಗು ಸಿಕ್ಕಿಸ್ಕೊಂಡು, ನೋಡು ಆಚಾರಿ, ಮಗೂಗೆ ಏನೂ ಊನ ಇಲ್ಲ, ಹೊಟ್ಟೇಲಿ ಇನ್ನಷ್ಟು ದಿನ ಬೇಯಬೇಕಿತ್ತು ಅಷ್ಟೇ, ಮೈಲಿ ಬಿಸಿ ಹಿಡಿದಿಟ್ಕೊಳ್ಳೋಕೆ ಇದಕ್ಕೆ ಬರಲ್ಲ, ತಣ್ಣಗಾದ್ರೆ ಉಳಿಯಲ್ಲ, ಬಾಣಂತಿ ಜ್ವರದಲ್ಲಿ ನಡುಗ್ತಿದಾಳೆ, ಅವಳ ಕೈಲಿ ಈಗ ಆಗಲ್ಲ, ನೀನೇ ತೊಗಲಿಗೆ ತೊಗಲು ಕೊಟ್ಟು ಕಾಪಾಡ್ಕೋ, ಹೊತ್ತೂ ನೋಡಬೇಡ ಗೊತ್ತೂ ನೋಡಬೇಡ ಅಂದು, ಓಡಿಹೋಗಿ ದೋಣಿ ಹತ್ತಿದ್ಲಂತೆ.

ಆಚಾರಿ ಕೇಳಿಸ್ಕೊಂಡಿದ್ದು ಬಿಸಿ ಅನ್ನೋ ಮಾತೊಂದೇ. ಅಯ್ಯೋ, ಬಿಸಿ ತಾನೇ, ನಮ್ಮನೇಲಿ ಬಿಸಿಗೇನು ಬರವಾ ಅಂದ್ಕೊಂಡು ಮೊರದಲ್ಲಿ ಮಗು ಮಲಗಿಸಿ ಕುಲುಮೆ ಪಕ್ಕ ಇಟ್ಟು ತಿದಿ ಒತ್ತಿದ್ನಂತೆ. ತಿದಿ ಗೊತ್ತಲ್ಲ, ಬೆಂಕಿಗೆ ಗಾಳಿ ಊದೋ ತೊಗಲಿನ ಚೀಲ, ಒತ್ತಿದ್ರೆ ಉಸ್ಸ್ ಅನ್ನುತ್ತೆ. ಮೊರದ ಮೇಲೆ ಕೈ ಆಡಿಸಿ, ಹದವಾಗಿದೆ ಅಂದ್ನಂತೆ. ಆ ಕೈಗೆ ಎಂಥ ಹದ, ನೀನೇ ಹೇಳು! ಹಾಸಿಗೆಯಿಂದ ಸಂಕಮ್ಮ ತಲೆ ಎತ್ತಿ ನೋಡ್ತಾಳೆ, ಮಗೂದು ಒಂದು ಮಗ್ಗುಲು ಕೆಂಪಗೆ ಕಾದಿದೆ, ಇನ್ನೊಂದು ಮಗ್ಗುಲು ಮಂಜು, ಹೊಗೆ ಕುಡಿದು ಕೆಮ್ಮೋಕೂ ಆಗದೆ ಒದ್ದಾಡ್ತಿದೆ. ನನ್ನ ಮಗೂನೇನು ಕುಡುಗೋಲು ಅಂದ್ಕೊಂಡ್ರಾ ಅಂತ ಕಿರುಚಿಬಿಟ್ಲಂತೆ.

ಆಮೇಲೆ ಆಚಾರಿ ಮೊರ ಈಚೆ ಎಳೆದು, ಮನೇಲಿದ್ದ ಬಟ್ಟೆ ಎಲ್ಲ ತಂದ್ನಂತೆ. ಕಂಬಳಿ ಸುತ್ತಿದ, ಅದರ ಮೇಲೆ ಮದುವೆ ಸೀರೆ ಸುತ್ತಿದ, ಅದರ ಮೇಲೆ ತನ್ನ ರುಮಾಲು ಸುತ್ತಿದ, ಮಗು ಎಲ್ಲಿ ಬಟ್ಟೆ ಎಲ್ಲಿ ಗೊತ್ತಾಗ್ತಿರಲಿಲ್ಲವಂತೆ. ಸ್ವಲ್ಪ ಹೊತ್ತು ಬಿಟ್ಟು ಸಂಕಮ್ಮ ಕೈ ತೂರಿಸಿ ನೋಡ್ತಾಳೆ, ಕಾಲು ತಣ್ಣಗೆ. ಆಗ ಆಚಾರಿ ಕೆನ್ನೆಗೆ ಹೊಡ್ಕೊಂಡ್ನಂತೆ, ಅಲ್ವಾ ಮತ್ತೆ, ತಣ್ಣನೆ ಕಬ್ಬಿಣಕ್ಕೆ ಎಷ್ಟು ಗೋಣಿ ಸುತ್ತಿದ್ರೂ ಕಬ್ಬಿಣ ಕಾಯುತ್ತಾ, ಬಿಸಿ ಒಳಗಿದ್ರೆ ತಾನೇ ಬಟ್ಟೆ ಅದನ್ನ ಕಾಯೋದು ಅಂತ.

ಆವಾಗ ನೆನಪಾಯ್ತಂತೆ, ತಿಪ್ಪಜ್ಜಿ ತೊಗಲು ಅಂದಿದ್ಲು. ಈಗ ನೀನು ತೊಗಲು ಅಂದ್ರೆ ಈ ನನ್ನ ತೋಳು ಹಿಂಡ್ತೀಯ. ಕಮ್ಮಾರರ ಮನೇಲಿ ತೊಗಲು ಅಂದ್ರೆ ತಿದಿ ತೊಗಲು, ಬೇರೆ ತೊಗಲೇ ಅವರಿಗೆ ಗೊತ್ತಿಲ್ಲ. ಹೊಸ ತಿದಿ ಮಾಡಬೇಕು ಅಂತ ಎತ್ತಿಟ್ಟಿದ್ದ ಮೇಕೆಮರಿ ತೊಗಲು ಇತ್ತಂತೆ, ಮೆತ್ತಗೆ, ಬೆಣ್ಣೆ ಸವರಿ ಪಳಗಿಸಿದ್ದು. ಹಿಂದೆ ಮುಂದೆ ನೋಡದೆ ಕತ್ತರಿಸಿ, ಗಾಳಿ ಆಡದ ಹಾಗೆ ಒತ್ತೊತ್ತಾಗಿ ಹೊಲಿದು, ಬಾಯಿಗೆ ದಾರ ಕಟ್ಟಿ, ಮಗು ತಲೆ ಒಂದು ಹೊರಗಿಟ್ಟು ಒಳಗೆ ಇಳಿಸಿದ್ನಂತೆ. ಅಷ್ಟು ಚೆಂದದ ಚೀಲ ಆ ಊರಲ್ಲಿ ಯಾರೂ ಕಂಡಿರಲಿಲ್ಲವಂತೆ. ಚೆಂದ ತಗೊಂಡು ಏನು ಮಾಡೋದು? ಸತ್ತ ತೊಗಲು ಅದು, ಹೊಳೆ ಕೆಸರಿನ ಹಾಗೆ ಕೊರೀತಿತ್ತು. ಮಗು ಕುಂಯ್ ಅನ್ನೋದನ್ನೂ ಬಿಡ್ತಂತೆ.

ಸಂಕಮ್ಮ ಜ್ವರದಲ್ಲೇ ತೊದಲಿದ್ಲಂತೆ, ಮುಟ್ಟಿ ನೋಡ್ರೀ, ಮಗು ಬೆಚ್ಚಗಿದೆಯಾ? ಆಚಾರಿ ಚೀಲದಿಂದ ಮಗು ತೆಗೆದು ಅಂಗೈ ಇಟ್ನಂತೆ. ಕೈ ಏನೂ ಹೇಳಲಿಲ್ಲ. ಈ ಕೈ, ಆ ಕೈ, ಎರಡೂ ಮೂಕ. ಬೆಚ್ಚಗಿದೆಯೋ, ತಣ್ಣಗಿದೆಯೋ, ಇದೆಯೋ ಇಲ್ಲವೋ, ಅದೂ ಗೊತ್ತಾಗಲಿಲ್ಲವಂತೆ ಆ ತಂದೆಗೆ. ಇಂಥ ಕೈ ಇದ್ರೆಷ್ಟು ಬಿಟ್ರೆಷ್ಟು ಅಂತ ಗಂಡಸು ಗೊಳೋ ಅಂದುಬಿಟ್ನಂತೆ. ಕೆನ್ನೆಗೆ ತಾಗಿಸಿದ್ರೆ ಗಡ್ಡ ಅಡ್ಡ. ಆಮೇಲೆ ಏನು ತೋಚಿತೋ ಏನೋ, ಕಿಡಿ ಹಾರಬಾರದು ಅಂತ ಎದೆಗೆ ಕಟ್ಕೊಂಡಿದ್ದ ದಪ್ಪ ಹೊದಿಕೆ ಕಿತ್ತೆಸೆದು, ಮಗೂನ ಬರೀ ಮೈಲಿ ಬರೀ ಎದೆಗೆ ಒತ್ಕೊಂಡ್ನಂತೆ, ತಣ್ಣಗಿದೆಯಾ ತಿಳ್ಕೊಳ್ಳೋಣ ಅಂತಲೇ ಪಾಪ.

ಆ ಎದೆ ಹೊದಿಕೆ ಹಿಂದೇನೇ ಇದ್ದದ್ದು, ಕಿಡಿ ಕಂಡಿಲ್ಲ, ಬಿಸಿಲು ಕಂಡಿಲ್ಲ, ಎಳೇ ಮಗೂ ಮೈ ಹಾಗೇ ಇತ್ತಂತೆ. ಮಗು ತಾಗಿದ್ದೇ ತಡ ಚುರುಕ್ ಅಂತಂತೆ, ಅಯ್ಯಪ್ಪ, ಎಷ್ಟು ತಣ್ಣಗಿದೆ ಕಣೇ ಅಂದ್ನಂತೆ. ಕೆಳಗಿಡೋಣ ಅಂತ ಬಗ್ಗಿದ, ಮಗು ಬಿಡಲಿಲ್ಲ. ಬೆರಳು ಬಿಚ್ಚಿ ಅವನ ಎದೆಗೂದಲು ಹಿಡ್ಕೊಂಡಿತ್ತಂತೆ. ಆಚಾರಿ ಅಲುಗಾಡದೆ ನಿಂತ. ಸಂಕಮ್ಮ ಇಬ್ಬರ ಮೇಲೂ ಕಂಬಳಿ ಎಳೆದ್ಲು. ನಿಂತ, ಕೂತ, ಗೋಡೆಗೆ ಒರಗಿದ, ಸ್ವಲ್ಪ ಹೊತ್ತಿಗೆ ಎದೆ ಮೇಲೆ ಕುಂಯ್ ಅಂತಂತೆ. ಆಗ ಆಚಾರಿ, ಥೂ ನನ್ನ ದಡ್ಡತನಕ್ಕಿಷ್ಟು, ತಿಪ್ಪಜ್ಜಿ ಹೇಳಿದ್ದು ಈ ತೊಗಲು ಕಣೇ ಅಂತ ಕೂಗಿದ್ನಂತೆ. ಸಂಕಮ್ಮ, ಮೆತ್ತಗೆ ಮಾತಾಡ್ರೀ, ಮಗು ಬೆಚ್ಚುತ್ತೆ ಅಂದ್ಲಂತೆ. ಹುಟ್ಟಿದಾಗಿನಿಂದ ಮೊದಲ ಸಲ ಮೌನಾಚಾರಿ ಹೆಸರಿಗೆ ತಕ್ಕ ಹಾಗೆ ಬಾಯಿ ಮುಚ್ಚಿದ್ನಂತೆ.

ಇನ್ನೂ ಇದೆ ಕೇಳು. ಅಷ್ಟು ಎಳೇ ಕೂಸುಗಳಿಗೆ ಉಸಿರಾಡೋದೇ ಮರೆತುಹೋಗುತ್ತಂತೆ. ಈ ಮಗೂಗೂ ಹಾಗೇ ಆಯ್ತಂತೆ, ಉಸಿರು ನಿಂತುಬಿಡ್ತು. ಆಚಾರಿಗೆ ಗಾಬರಿಯಾಗಿ ಉದ್ದಕ್ಕೆ ಉಸಿರೆಳೆದ್ನಂತೆ, ಎದೆ ತಿದಿ ಹಾಗೆ ಉಬ್ಬಿತು, ಇಳೀತು, ಮೇಲಿದ್ದ ಮಗು ಅಲುಗಾಡಿ, ಓ ಹಿಂಗಾ ಅಂತ ತಾನೂ ಎಳ್ಕೊಂಡ್ತಂತೆ. ಸಂಕಮ್ಮ ಬತ್ತಿ ಹಾಲಲ್ಲಿ ಅದ್ದಿ ತುಟಿಗಿಡೋಳು, ಅವನು ಎದೆ ಒಡ್ಡಿ ಕೂರೋನು.

ಆಮೇಲೆ ಊರವರು ಬಂದ್ರಂತೆ. ಗುಳ ಎಲ್ಲಪ್ಪ, ಕುಡುಗೋಲು ಎಲ್ಲಪ್ಪ? ಇಲ್ಲಿ ನೋಡಿದ್ರೆ ಆಚಾರಿ ಬಾಣಂತಿ ಹಾಗೆ ಕಂಬಳಿ ಹೊದ್ದು ಕೂತಿದಾನೆ. ಪುರುಡಿನ ಮೈಲಿಗೆ ಕಳೀದೆ ಗಂಡಸಾದವನು ಮಗು ಮುಟ್ಟೋದುಂಟಾ ಅಂತ ಒಬ್ಬ, ನಿನಗೂ ಬಾಣಂತಿ ತಿನ್ನೋ ಕಾಯ ಮಾಡಿಕೊಡೋಣವಾ ಅಂತ ಇನ್ನೊಬ್ಬ. ಮೂರನೆಯವನು ಕುಲುಮೆ ಬಗ್ಗಿ ನೋಡಿ, ಅಯ್ಯಯ್ಯೋ ಆಚಾರಿ, ನಿಮ್ಮ ತಾತನ ಬೆಂಕಿ ಆರಿಹೋಗಿದೆಯಲ್ಲೋ ಅಂದ್ನಂತೆ. ಸಂಕಮ್ಮ, ಈಗ ಎದ್ದು ಓಡ್ತಾನೆ ಅಂದ್ಕೊಂಡ್ಲು. ಆಚಾರಿ ಎದ್ದೇ ಇಲ್ಲವಂತೆ. ಕಂಬಳಿ ಚೂರು ಸರಿಸಿ, ಆರಿಲ್ಲ ಕಣ್ರೋ, ಇಲ್ಲಿಗೆ ಬಂದಿದೆ ನೋಡಿ ಅಂತ ಪಿಸುಗುಟ್ಟಿದ್ನಂತೆ. ಮೂವರೂ ಬಗ್ಗಿ ನೋಡಿದ್ರಂತೆ. ಹೋಗುವಾಗ ಒಬ್ಬ ಸೌದೆ ಒಡೆದು ಕೊಟ್ಟು ಹೋದ್ನಂತೆ.

ಸಂಕಮ್ಮಂಗೆ ಜ್ವರ ಬಿಡ್ತು, ಒಂದಷ್ಟು ಹೊತ್ತು ಅವಳ ಎದೆ, ಒಂದಷ್ಟು ಹೊತ್ತು ಇವನ ಎದೆ. ಚಳಿಗಾಲ ಕಳೆದು ತಿಪ್ಪಜ್ಜಿ ಬಂದಾಗ, ಗೂಟಕ್ಕೆ ಒಂದು ಪುಟಾಣಿ ಚೀಲ ನೇತಾಡ್ತಿತ್ತಂತೆ. ಇದೇನೋ ಅಂದ್ಲು. ಆಚಾರಿ ನಾಚ್ಕೊಂಡು ನಡೆದದ್ದು ಹೇಳಿದ. ತಿಪ್ಪಜ್ಜಿ ಹಲ್ಲಿಲ್ಲದ ಬಾಯಿ ಬಿಟ್ಟು ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕು, ಎಲ್ಲಿ, ಈಗ ತುಂಬು ನೋಡೋಣ ನಿನ್ನ ಮಗಳನ್ನ ಅಂದ್ಲಂತೆ. ಒಂದು ಕಾಲು ಹಾಕಿದ್ರು, ತೊಡೆಗೇ ಚೀಲ ಮುಗೀತು! ಮಗು ಕೇಕೆ ಹಾಕಿ ಚೀಲ ಒದೀತಂತೆ. ಆಮೇಲೆ ಆಚಾರಿ ಪಕ್ಕದೂರಿಂದ ಕೆಂಡ ತಂದು ಕುಲುಮೆ ಹೊತ್ತಿಸಿದ್ನಂತೆ, ಯಾರಾದ್ರೂ ಕೇಳಿದ್ರೆ, ಇದು ನನ್ನ ಮಗಳ ಬೆಂಕಿ ಕಣ್ರೋ ಅನ್ನೋನಂತೆ.

ಏನೇ, ನಿದ್ದೆ ಬಂತಾ? ಇಲ್ವಾ? ಅಜ್ಜಿ ತೊಗಲಿಗೇನು ಬೆಲೆ ಅಂತ ಕೇಳ್ತೀಯಾ ಇನ್ನೂ? ನೀನೂ ಅವಸರಗೇಡಿಯೇ ಕಣೇ, ದಿನ ತುಂಬೋ ಮೊದಲೇ ಬಂದವಳು. ನಿಮ್ಮಮ್ಮ ಆಸ್ಪತ್ರೇಲಿ ಎಚ್ಚರ ತಪ್ಪಿ ಮಲಗಿದ್ಲು, ನರ್ಸಮ್ಮ ನಿನ್ನ ಎತ್ಕೊಂಡು ಬಂದು, ಯಾರಿದೀರಿ ಮನೆಯವರು, ರವಿಕೆ ಗುಂಡಿ ಬಿಚ್ಚಿ ಅಂದ್ಲು. ಆವಾಗಲೇ ಸುಕ್ಕಾಗಿತ್ತು ಈ ತೊಗಲು. ನಿಂಗದು ಗೊತ್ತಾಗಲಿಲ್ಲ, ಮುಷ್ಟಿ ತುಂಬ ಹಿಡ್ಕೊಂಡೆ, ಅಲ್ಲೇ ನಿದ್ದೆ ಹೋದೆ.

ಹಿಂಡ್ಕೋ ಬಾ, ಹಿಂಡ್ಕೋ, ನಿಂದೇ ಇದು. ಕತೆ ಮಲಗ್ತು, ಇನ್ನು ನೀನೂ ಮಲಗು.