ಕಡವೆಯ ಕೊಂಬಿನ ಹಿಡಿ

ಬೆಟ್ಟಗಳಿನ್ನೂ ಸರಿಯಾಗಿ ತಣ್ಣಗಾಗಿರದ, ಯಾವ ಕಡೆ ಹರಿಯಬೇಕೆಂದು ನದಿಗಳು ಒಂದನ್ನೊಂದು ಕೇಳಿಕೊಳ್ಳುತ್ತಿದ್ದ ಕಾಲ ಅದು. ಆಗ ಕಡವೆಯ ಕೊಂಬು ಉದುರುತ್ತಿರಲಿಲ್ಲ, ಮಗಾ. ಒಮ್ಮೆ ಮೂಡಿದ ಕೊಂಬು ಸಾಯುವ ತನಕ ತಲೆಯ ಮೇಲೇ ಇರುತ್ತಿತ್ತು. ಅದರೊಳಗೆ ಬಿಸಿ ರಕ್ತ ಓಡುತ್ತಿತ್ತು.

ಕಾಡಿನ ಅಂಚಿನಲ್ಲಿ ಈರಾಚಾರಿ ಎಂಬ ಕಮ್ಮಾರನ ಕುಲುಮೆ. ಚಳಿಗಾಲದಲ್ಲಿ ಒಂದು ಗಂಡು ಕಡವೆ ತನ್ನ ಹೆಣ್ಣನ್ನು ಕರೆದುಕೊಂಡು ಬಂದು ಅಲ್ಲಿ ಮೈ ಕಾಯಿಸಿಕೊಳ್ಳುತ್ತಿತ್ತು. ಈರಾಚಾರಿ ಒಳ್ಳೆಯವನೇ. ಒಳ್ಳೆಯವರ ಕೈಯಲ್ಲಿ ಎಂಥೆಂಥ ಕೆಲಸ ಆಗುತ್ತದೆ ಎಂಬುದು ನಿನಗಿನ್ನೂ ಗೊತ್ತಿಲ್ಲ.

ಅವನು ಒಂದು ಮಡಚುವ ಚಾಕು ಮಾಡಿದ. ಒಂದೇ ಚಾಕುವಿಗೆ ಮೂರು ಅಲಗು. ದೊಡ್ಡದು ಸೀಳುವುದಕ್ಕೆ, ಚಿಕ್ಕದು ಹೆರೆಯುವುದಕ್ಕೆ, ಮೊನಚಾದದ್ದು ತೊಗಲಿಗೆ ತೂತು ಹಾಕುವುದಕ್ಕೆ. ಮೂರೂ ಮಡಚಿಕೊಂಡು ಮಲಗಲು ಒಂದು ಹಿಡಿ ಬೇಕಲ್ಲ, ಅದನ್ನು ಹುಡುಕುತ್ತ ಹೊರಟ.

"ನನ್ನನ್ನ ತಗೋ" ಎಂದಿತು ಬೀಟೆ ಮರ. ತಗೊಂಡ. ಮಳೆಗೆ ಮರ ಉಬ್ಬಿ ಅಲಗುಗಳು ಒಳಗೇ ಸಿಕ್ಕಿಕೊಂಡವು.

"ನನ್ನ ಮುರಿದ ಕೋಡು ತಗೋ" ಎಂದಿತು ಮುದಿ ಎಮ್ಮೆ. ತಗೊಂಡ. ಬಿಸಿಲಿಗೆ ಕೋಡು ಸೊಟ್ಟಗಾಯಿತು.

ಆಮೇಲೆ ಮೂಳೆಯ ಹಿಡಿ ಹಾಕಿ ನೋಡಿದ. ಬೆಳ್ಳಗೆ, ನುಣ್ಣಗೆ, ನೋಡಲು ಬಲು ಚೆಂದ. ಕೈ ಒದ್ದೆಯಾದದ್ದೇ ತಡ, ಚಾಕು ಜಾರಿ ಅವನ ಅಂಗೈಯನ್ನೇ ಕೊಯ್ದಿತು.

ಕೈಗೆ ಬಟ್ಟೆ ಸುತ್ತಿಕೊಂಡು ಕೂತವನನ್ನು ಕಂಡು ಕಡವೆಗೆ ಕರುಳು ಚುರುಕ್ಕೆಂದಿತು.

"ಎಂಥ ಹಿಡಿ ಬೇಕು ಈರಣ್ಣ ನಿಂಗೆ?"

"ಒದ್ದೆ ಕೈಯಾಗೂ ಜಾರಬಾರ್ದು ಕಣ ಕಡವಣ್ಣ. ಒರಟಾಗಿರ್ಬೇಕು, ನಿನ್ ಕೊಂಬಿನ್ ಹಂಗೆ."

"ಕೊಡು, ಪಾಪ. ಇಷ್ಟು ದಿನ ಅವನ ಬೆಂಕಿ ಕಾಸ್ಕೊಂಡಿದ್ದೀವಿ" ಎಂದಿತು ಹೆಣ್ಣು ಕಡವೆ.

ಗಾಳಿ ಮಾತ್ರ ಗಂಡು ಕಡವೆಯ ಕಿವಿಯಲ್ಲಿ ಪಿಸುಗುಟ್ಟಿತು: "ಕೈ ಯಾತರಿಂದ ಒದ್ದೆ ಆಗ್ತದೆ ಅಂತ ಕೇಳು."

ಕಡವೆ ಕೇಳಲಿಲ್ಲ. ಒದ್ದೆ ಎಂದರೆ ನೀರು, ಅಷ್ಟೇ ಅದಕ್ಕೆ ಗೊತ್ತಿದ್ದದ್ದು. ಪೆದ್ದು ಪ್ರಾಣಿ, ಗೆಳೆಯನನ್ನು ಅಂಥದ್ದೆಲ್ಲ ಕೇಳಬಾರದು ಎಂದುಕೊಂಡು ತಲೆ ಬಗ್ಗಿಸಿತು. ಈರಾಚಾರಿ ಗರಗಸದಿಂದ ಒಂದು ಕೊಂಬು ಕೊಯ್ದುಕೊಂಡ. ಕಡವೆಗೆ ಬಲು ನೋವಾಯಿತು. ಆದರೂ ಅದು ಕದಲಲಿಲ್ಲ.

ಹಿಡಿ ಹೇಳಿ ಮಾಡಿಸಿದ ಹಾಗೆ ಕೂತಿತು. ಮಳೆಗೆ ಉಬ್ಬಲಿಲ್ಲ, ಬಿಸಿಲಿಗೆ ಬಾಗಲಿಲ್ಲ, ಒದ್ದೆ ಕೈಯಲ್ಲಿ ಜಾರಲಿಲ್ಲ.

ಚಾಕು ಸಿದ್ಧವಾದ ಮೇಲೆ ಅದಕ್ಕೊಂದು ಕೆಲಸ ಬೇಕು. ಕುಲುಮೆಗೆ ಗಾಳಿ ಊದುವ ತಿದಿಯ ತೊಗಲು ಹರಿದಿತ್ತು. ಹೊಸ ತೊಗಲು ಬೇಕಿತ್ತು. ಹೆಣ್ಣು ಕಡವೆ ಎಂದಿನಂತೆ ಬೆಂಕಿಯ ಪಕ್ಕ ಕಣ್ಣು ಮುಚ್ಚಿ ಮಲಗಿತ್ತು.

ಗಂಡು ಕಡವೆ ಬಂದಾಗ ಈರಾಚಾರಿ ತೊಗಲು ಸುಲಿಯುತ್ತಿದ್ದ. ಅವನ ಕೈ ಮೊಣಕೈಯವರೆಗೂ ಕೆಂಪಗೆ ಒದ್ದೆಯಾಗಿತ್ತು. ಆ ಕೈಯೊಳಗೆ ಕೊಂಬಿನ ಹಿಡಿ ಗಟ್ಟಿಯಾಗಿ ಕೂತಿತ್ತು.

"ಈರಣ್ಣ, ಅದು ನನ್ನ ಕೊಂಬು."

"ಹೂಂ ಕಣಣ್ಣ. ಚೂರೂ ಜಾರಾಕಿಲ್ಲ ನೋಡು" ಎಂದ ಈರಾಚಾರಿ. ಹೊಗಳಿಯೇ ಹೇಳಿದ, ಹಾಳಾದವನು. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕಡವೆ ಓಡಿತು. ಕಾಡಿನ ನಡುವೆ ನೆಲಕ್ಕೆ ತಲೆ ಚಚ್ಚಿಕೊಂಡು ಅತ್ತಿತು. "ಭೂಮಿತಾಯಿ, ನಾನು ಕೊಟ್ಟ ಕೊಂಬನ್ನ ವಾಪಸು ಕೊಡಿಸವ್ವ."

"ಕೊಟ್ಟಿದ್ದು ವಾಪಸು ಬರಲ್ಲ ಮಗನೇ" ಎಂದಳು ಭೂಮಿ. "ನನ್ನ ಕೈಲಾಗೋದು ಇಷ್ಟೇ. ವರ್ಷಕ್ಕೊಂದು ಸಲ ನಿನ್ನ ಕೊಂಬಿನ ರಕ್ತ ಬತ್ತಿಸ್ತೀನಿ. ಅದು ತಾನಾಗೇ ಉದುರಲಿ. ಹಿಡಿ ಬೇಕಾದವರು ನೆಲದಿಂದ ಆಯ್ಕೊಳ್ಳಲಿ, ನಿಮ್ಮ ತಂಟೆಗೆ ಬರದೆ ಇರಲಿ."

ಅಂದೇ ಕಡವೆಯ ಇನ್ನೊಂದು ಕೊಂಬು ಉದುರಿತು. ಅದನ್ನು ಕುಲುಮೆಯ ದಾರಿಯಲ್ಲೇ ಬಿಟ್ಟು ಕಡವೆ ಕಾಡು ಸೇರಿತು.

ಈರಾಚಾರಿ ಅದನ್ನು ಆಯ್ದುಕೊಂಡು ಮತ್ತೊಂದು ಚಾಕು ಮಾಡಿದ. ಈಗ ಚಾಕು ಎರಡಾದವು. ಎರಡಕ್ಕೂ ಕೆಲಸ ಬೇಕಿತ್ತು. ಭೂಮಿತಾಯಿಗೂ ಇದು ಹೊಳೆದಿರಲಿಲ್ಲ.

ಅಂದಿನಿಂದ ಕಡವೆಯ ಕೊಂಬು ವರ್ಷ ವರ್ಷವೂ ಉದುರುತ್ತದೆ. ಹೊಸದು ಬೆಳೆಯುವ ತನಕ ಅದು ಬೋಳು ತಲೆ ತಗ್ಗಿಸಿಕೊಂಡು ಪೊದೆಯೊಳಗೆ ನಿಲ್ಲುತ್ತದೆ, ನೀನು ಬರಿಗೈ ಚಾಚಿ ಪ್ರೀತಿಯಿಂದ ಕರೆದರೂ ಓಡಿಹೋಗುತ್ತದೆ.